ಪೆಟ್ರೋಲ್‌ಗೆ ಬೇಡವಾದ ಹಗುರ ನಾಫ್ತಾ ಎಲ್ಲಿಗೆ ಹೋಗಬೇಕು?

ಈಚಿನ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ತಲೆ ಕೆಡುತ್ತದೆ. ಪೆಟ್ರೋಲ್‌ಗೆ 20% ಎಥನಾಲ್ ಬೆರೆಸಿ ತೈಲದ ಆಮದು ಉಳಿಸುತ್ತಿದ್ದೇವೆ ಎನ್ನುತ್ತದೆ ಸರ್ಕಾರ. 2025ರ ನವೆಂಬರ್‌ನಲ್ಲಿ ಸರ್ಕಾರಿ ತೈಲ ಕಂಪನಿಗಳು 2026ನೇ ಸಾಲಿಗೆ ಅಮೆರಿಕದಿಂದ 22 ಲಕ್ಷ ಟನ್ ಅಡುಗೆ ಅನಿಲ ತರಿಸಲು ಒಪ್ಪಂದ ಮಾಡಿಕೊಂಡವು. ಇದೇ ಹೊತ್ತಿಗೆ ನಮ್ಮ ರಿಫೈನರಿಗಳು ನಾಫ್ತಾ ಅನ್ನೋ ದ್ರವವನ್ನು ಹಡಗಿಗೆ ತುಂಬಿ ಹೊರದೇಶಕ್ಕೆ ಮಾರುತ್ತಿವೆ. ಮಂಗಳೂರಿನ ಎಂಆರ್‌ಪಿಎಲ್ ಕೂಡ ಮಾರುತ್ತದೆ. ಕಚ್ಚಾ ತೈಲವನ್ನು ಹೊರಗಿಂದ ತರುವ ದೇಶ ಅದರಿಂದ ಬಂದ ನಾಫ್ತಾವನ್ನು ಯಾಕೆ ಹೊರಗೆ ಕಳಿಸಬೇಕು? ಅದನ್ನೇ ಪೆಟ್ರೋಲ್ ಮಾಡಬಾರದಾ, ಇಲ್ಲಾ ಸಿಲಿಂಡರ್‌ಗೆ ತುಂಬಬಾರದಾ?

ಮಾಡಬಹುದು. ಮೂರು ನಾಲ್ಕು ದಾರಿಗಳಿವೆ, ಹಲವು ಹತ್ತಾರು ವರ್ಷಗಳಿಂದ ನಡೆದುಕೊಂಡು ಬಂದ ದಾರಿಗಳೇ. ಆದರೆ ಎಥನಾಲ್ ಬಂದಮೇಲೆ ಇವುಗಳಲ್ಲಿ ಯಾವುದು ಲಾಭ, ಯಾವುದು ದಂಡ ಅನ್ನೋ ಲೆಕ್ಕ ಬದಲಾಗಿದೆ. ಗೊಂದಲ ಇರುವುದು ಅಲ್ಲಿ.

ಈ ದ್ರವ ಎಲ್ಲಿಂದ ಬರುತ್ತದೆ

ಕಚ್ಚಾ ತೈಲವನ್ನು ಕಾಯಿಸಿದಾಗ ಮೊದಲು ಅನಿಲಗಳು ಮೇಲೇಳುತ್ತವೆ. ಅದರ ಹಿಂದೆಯೇ ಸುಮಾರು 30ರಿಂದ 90 ಡಿಗ್ರಿ ಸೆಲ್ಸಿಯಸ್ ನಡುವೆ ಕುದಿಯುವ ತೆಳ್ಳನೆಯ, ನೀರಿನಂಥ ದ್ರವ ಬರುತ್ತದೆ. ಅದೇ ಹಗುರ ನಾಫ್ತಾ. ಇದರ ಅಣುಗಳಲ್ಲಿ ಹೆಚ್ಚಿನವು ಐದು ಅಥವಾ ಆರು ಇಂಗಾಲದವು, ಅಂದರೆ ಪೆಂಟೇನ್ ಮತ್ತು ಹೆಕ್ಸೇನ್ ಬಳಗ. ಇನ್ನೂ ಮೇಲಿನ ಉಷ್ಣತೆಯಲ್ಲಿ ಬರುವುದು ಭಾರದ ನಾಫ್ತಾ, ಏಳು ಇಂಗಾಲದಿಂದ ಮೇಲಿನದು.

ಈ ಎರಡನ್ನೂ ಒಂದೇ ಅಂದುಕೊಂಡರೆ ಮುಂದಿನದು ಯಾವುದೂ ಅರ್ಥ ಆಗಲ್ಲ. ಭಾರದ ನಾಫ್ತಾಗೆ ಗಿರಾಕಿ ಯಾವತ್ತೂ ಇದ್ದಾನೆ. ಪ್ಲಾಟಿನಂ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು) ಇರುವ ರಿಫಾರ್ಮರ್ ಘಟಕಕ್ಕೆ ಅದನ್ನು ಹಾಕಿದರೆ ಒಳ್ಳೆ ಆಕ್ಟೇನ್‌ನ ಪೆಟ್ರೋಲ್ ಭಾಗ ಬರುತ್ತದೆ, ಇಲ್ಲವೇ ಪಾಲಿಯೆಸ್ಟರ್ ಬಟ್ಟೆಯ ಮೂಲವಾದ ಪ್ಯಾರಾಕ್ಸೈಲೀನ್ ಬರುತ್ತದೆ, ಜತೆಗೆ ಹೈಡ್ರೋಜನ್ ಪುಕ್ಕಟೆ. ಮಂಗಳೂರಿನಲ್ಲಿ ದೊಡ್ಡ ಪ್ಯಾರಾಕ್ಸೈಲೀನ್ ಘಟಕವೇ ಇದೆ. ಮೊದಲು ಒಎಂಪಿಎಲ್ ಅನ್ನೋ ಬೇರೆ ಕಂಪನಿಯಾಗಿತ್ತು, 2022ರಲ್ಲಿ ಎಂಆರ್‌ಪಿಎಲ್ ಜತೆ ವಿಲೀನ ಆಯಿತು. ಅದಕ್ಕೆ ಬೇಕಾಗುವುದು ಭಾರದ ನಾಫ್ತಾ. ಹಗುರದ್ದು ಉಳಿದುಕೊಳ್ಳುತ್ತದೆ.

ಜಗತ್ತಿನಲ್ಲಿ ಈ ಹಗುರ ಸರಕು ಜಾಸ್ತಿಯಾಗಿದ್ದಕ್ಕೆ ಇನ್ನೊಂದು ಕಾರಣ ಅಮೆರಿಕದ ಶೇಲ್ ಬಾವಿಗಳು, ಅಂದರೆ ಶೇಲ್ ಎಂಬ ಕಲ್ಲಿನ ಪದರವನ್ನು ಸೀಳಿ ತೈಲ, ಅನಿಲ ತೆಗೆಯುವ ಬಾವಿಗಳು. 2010ರ ನಂತರ ಅಲ್ಲಿಂದ ಬಂದ ಕಚ್ಚಾ ತೈಲವೇ ಹಗುರ. ಅದರ ಜತೆ ಅನಿಲ ಬಾವಿಗಳಿಂದ ಎಥೇನ್, ಪ್ರೊಪೇನ್, ಬ್ಯೂಟೇನ್, ಪೆಂಟೇನ್ ಹೊಳೆಯಾಗಿ ಹರಿದು ಬಂದವು. ಹಾಗಾಗಿ ಏಷ್ಯಾದಲ್ಲಿ ನಾಫ್ತಾ ಬೆಲೆ ಎಷ್ಟೋ ಸಲ ಕಚ್ಚಾ ತೈಲದ ಬೆಲೆಗಿಂತಲೂ ಕೆಳಗೆ ಇರುತ್ತದೆ. ದುಡ್ಡು ಕೊಟ್ಟು ತೈಲ ತಂದು, ಖರ್ಚು ಮಾಡಿ ಶುದ್ಧ ಮಾಡಿ, ಅದರ ಒಂದು ಭಾಗವನ್ನು ತಂದ ಬೆಲೆಗಿಂತ ಕಮ್ಮಿಗೆ ಮಾರುವ ಪರಿಸ್ಥಿತಿ.

ಹಳೇ ಗಿರಾಕಿಗಳು ಕೈ ಬಿಟ್ಟರು

ಕರ್ನಾಟಕದಲ್ಲೇ ನೋಡಿ. ಪಣಂಬೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಯೂರಿಯಾ ಮಾಡಲು ಎಷ್ಟೋ ವರ್ಷ ನಾಫ್ತಾವನ್ನೇ ನಂಬಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರ್ ಉದ್ದದ ಅನಿಲ ಪೈಪ್‌ಲೈನ್ ಬಂತು, 2021ರ ಜನವರಿಯಲ್ಲಿ ಅದರ ಉದ್ಘಾಟನೆಯೂ ಆಯಿತು. ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ತಣ್ಣೀರುಬಾವಿಯಲ್ಲಿ ನದಿಯ ಮೇಲೆ ತೇಲುವ ಬಾರ್ಜ್‌ಗಳಲ್ಲಿ 220 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರ ಇತ್ತು, ಅದೂ ನಾಫ್ತಾ ಉರಿಸುತ್ತಿತ್ತು. ಆ ಕರೆಂಟ್ ತುಂಬಾ ದುಬಾರಿ. ಕೊನೆಗೆ ಬಾರ್ಜ್‌ಗಳನ್ನೇ ಕಾಕಿನಾಡಕ್ಕೆ ಸಾಗಿಸಿ ಅನಿಲಕ್ಕೆ ಹೊಂದಿಸಿದರು.

ಎರಡೂ ಒಳ್ಳೆಯ ಬದಲಾವಣೆಗಳೇ, ಅದರಲ್ಲಿ ಎರಡು ಮಾತಿಲ್ಲ. ಯೂರಿಯಾಗೂ ಕರೆಂಟ್‌ಗೂ ನಾಫ್ತಾ ಉರಿಸುವುದು ದಂಡದ ಕೆಲಸ. ಆದರೆ ರಿಫೈನರಿಯ ಪಕ್ಕದಲ್ಲೇ ಇದ್ದ ಇಬ್ಬರು ದೊಡ್ಡ ಗಿರಾಕಿಗಳು ಹೋದಮೇಲೆ ಸರಕು ಬಂದರಿನ ಕಡೆ ತಿರುಗದೆ ಇನ್ನೆಲ್ಲಿ ಹೋಗಬೇಕು?

ಆಕ್ಟೇನ್ ಲೆಕ್ಕ

ಹಗುರ ನಾಫ್ತಾವನ್ನು ಸುಮ್ನೆ ಪೆಟ್ರೋಲ್‌ಗೆ ಸುರಿಯಲು ಯಾಕೆ ಆಗಲ್ಲ? ಇಂಜಿನ್‌ನಲ್ಲಿ ಪೆಟ್ರೋಲ್ ಆವಿ ಒತ್ತಡಕ್ಕೆ ಸಿಕ್ಕಾಗ ಕಿಡಿ ಬರುವ ತನಕ ತಡೆದುಕೊಳ್ಳಬೇಕು. ತಡೆಯದೆ ತಾನಾಗೇ ಹೊತ್ತಿಕೊಂಡರೆ ಇಂಜಿನ್ ಬಡಿದುಕೊಳ್ಳುತ್ತದೆ, ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನೋದು ಇದಕ್ಕೇ. ಈ ತಡೆಯುವ ಶಕ್ತಿಯ ಅಳತೆ ಆಕ್ಟೇನ್. ಬಿಎಸ್-6 ನಿಯಮದ ಸಾದಾ ಪೆಟ್ರೋಲ್‌ಗೆ ಕನಿಷ್ಠ 91 ಬೇಕು. ಹಗುರ ನಾಫ್ತಾದ ಆಕ್ಟೇನ್ 70ರ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಮ್ಮಿ. ಕಲಬೆರಕೆ ಮಾಡುವವರಿಗೆ ಒಂದು ಕಾಲದಲ್ಲಿ ನಾಫ್ತಾ ಬಲು ಪ್ರಿಯವಾಗಿತ್ತು. ವಾಹನಕ್ಕೆ ಅದನ್ನು ಬಳಸದಂತೆ ಕೇಂದ್ರ ಸರ್ಕಾರ 2000ದಲ್ಲಿ ಪ್ರತ್ಯೇಕ ಆದೇಶವನ್ನೇ ಹೊರಡಿಸಬೇಕಾಯಿತು.

ಅಣುವಿನ ಆಕಾರ ಬದಲಾಯಿಸಿದರೆ ಆಕ್ಟೇನ್ ಏರುತ್ತದೆ. ಹೆಕ್ಸೇನನ್ನೇ ತೆಗೆದುಕೊಳ್ಳಿ. ಆರು ಇಂಗಾಲ ಒಂದೇ ಸಾಲಿನಲ್ಲಿ ನೆಟ್ಟಗೆ ಜೋಡಿಕೊಂಡಿದ್ದರೆ ಅದರ ಆಕ್ಟೇನ್ ಸುಮಾರು 25. ಅದೇ ಆರು ಇಂಗಾಲ, ಅಷ್ಟೇ ಹೈಡ್ರೋಜನ್, ಆದರೆ ಅಕ್ಕಪಕ್ಕ ಎರಡು ಕವಲು ಒಡೆದಿದ್ದರೆ 100 ದಾಟುತ್ತದೆ. ಏನನ್ನೂ ಸೇರಿಸಿಲ್ಲ, ಏನನ್ನೂ ತೆಗೆದಿಲ್ಲ, ಜೋಡಣೆ ಮಾತ್ರ ಬೇರೆ. ಪೆಂಟೇನ್‌ನಲ್ಲೂ ಹೀಗೇ, ನೆಟ್ಟಗಿದ್ದರೆ 62, ಕವಲೊಡೆದರೆ 92ರ ಹತ್ತಿರ.

ಈ ಕೆಲಸ ಮಾಡುವ ಘಟಕಕ್ಕೆ ಐಸೊಮರೈಸೇಶನ್ ಘಟಕ ಎನ್ನುತ್ತಾರೆ. ಪ್ಲಾಟಿನಂ ಇರುವ ಆಮ್ಲಗುಣದ ಕ್ಯಾಟಲಿಸ್ಟ್ ಮೇಲೆ ಹೈಡ್ರೋಜನ್ ಜತೆ ಹಗುರ ನಾಫ್ತಾವನ್ನು ಹರಿಸುತ್ತಾರೆ. ಉಷ್ಣತೆ ಕಮ್ಮಿ ಇದ್ದಷ್ಟೂ ಕವಲೊಡೆದ ಅಣುಗಳ ಪಾಲು ಜಾಸ್ತಿ. ಅದಕ್ಕೇ ಕಮ್ಮಿ ಉಷ್ಣತೆಯಲ್ಲೂ ಚುರುಕಾಗಿರುವ ಕ್ಲೋರೈಡ್ ಕ್ಯಾಟಲಿಸ್ಟ್‌ಗೆ ಬೇಡಿಕೆ. ಆದರೆ ಅದು ಮಹಾ ನಾಜೂಕು, ಒಂದಿಷ್ಟು ತೇವ ಹೋದರೂ ಹಾಳಾಗುತ್ತದೆ. ಒಮ್ಮೆ ಹಾಯಿಸಿದರೆ ಆಕ್ಟೇನ್ 83ರ ಆಸುಪಾಸಿಗೆ ಬರುತ್ತದೆ. ಬದಲಾಗದೆ ಉಳಿದ ನೆಟ್ಟನೆಯ ಅಣುಗಳನ್ನು ಬೇರ್ಪಡಿಸಿ ಮತ್ತೆ ಮತ್ತೆ ಹಾಯಿಸಿದರೆ 88, 90. ಪ್ರತಿ ಸುತ್ತಿಗೂ ಇಂಧನ ಖರ್ಚು, ದೊಡ್ಡ ಗೋಪುರಗಳ ಖರ್ಚು.

ಭಾರತದಲ್ಲಿ ಈ ಘಟಕಗಳು ಹೆಚ್ಚಿದ್ದಕ್ಕೆ ಬೆಂಜೀನ್ ನಿಯಮವೂ ಕಾರಣ. ಬೆಂಜೀನ್ ಕ್ಯಾನ್ಸರ್‌ಕಾರಕ, ಪೆಟ್ರೋಲ್‌ನಲ್ಲಿ 1% ಮೀರಬಾರದು. ಆರು ಇಂಗಾಲದ ಅಣುಗಳನ್ನು ರಿಫಾರ್ಮರ್‌ಗೆ ಹಾಕಿದರೆ ಅವು ಬೆಂಜೀನ್ ಆಗುತ್ತವೆ. ಹಾಗಾಗಿ ಅವನ್ನು ಅಲ್ಲಿಂದ ತಪ್ಪಿಸಿ ಐಸೊಮರೈಸೇಶನ್ ಕಡೆ ಕಳಿಸುವುದು ರೂಢಿಗೆ ಬಂತು.

ಎಥನಾಲ್ ಬಂದಮೇಲೆ ಬದಲಾದದ್ದು

ಇಷ್ಟರ ತನಕ ಎಲ್ಲ ಸರಿಯಾಗೇ ಇತ್ತು. 2022ರ ಜೂನ್‌ನಲ್ಲಿ ದೇಶ 10% ಎಥನಾಲ್ ಮುಟ್ಟಿತು. 2030ಕ್ಕೆ ಅಂತಿದ್ದ 20% ಗುರಿಯನ್ನು ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದರು. ಮೈಲೇಜ್ ಬಗ್ಗೆ ಆದ ಗಲಾಟೆ ನೆನಪಿರಬಹುದು, ಸುಪ್ರೀಂ ಕೋರ್ಟ್ ತನಕ ಹೋಯಿತು, 2025ರ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಎಥನಾಲ್‌ನಲ್ಲಿ ಲೀಟರ್‌ಗೆ ಸಿಗುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ, ಹಾಗಾಗಿ ಮೈಲೇಜ್ ಒಂದಿಷ್ಟು ಇಳಿಯುವುದು ಸಹಜವೇ. ಆದರೆ ಆ ಗದ್ದಲದಲ್ಲಿ ರಿಫೈನರಿಯ ಒಳಗೆ ಏನಾಯಿತು ಅನ್ನೋದರ ಬಗ್ಗೆ ಮಾತೇ ಬರಲಿಲ್ಲ.

ಅಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದವು. ಎಥನಾಲ್‌ನ ಆಕ್ಟೇನ್ ಸುಮಾರು 108, ಅದನ್ನು 20% ಬೆರೆಸಿದಾಗ ಪೆಟ್ರೋಲ್‌ನ ಆಕ್ಟೇನ್ ತಾನಾಗೇ 95ರ ಮಟ್ಟಕ್ಕೆ ಏರುತ್ತದೆ. ಅಂದಮೇಲೆ ಹಗುರ ನಾಫ್ತಾವನ್ನು 70ರಿಂದ 90ಕ್ಕೆ ಏರಿಸಲು ಸುರಿಯುವ ದುಡ್ಡಿಗೆ ಮೊದಲಿನ ಬೆಲೆ ಇಲ್ಲ. ಅದೇ ಹೊತ್ತಿಗೆ ಪ್ರತಿ 100 ಲೀಟರ್ ಪೆಟ್ರೋಲ್‌ನಲ್ಲಿ ತೈಲದಿಂದ ಬಂದದ್ದಕ್ಕೆ ಉಳಿದ ಜಾಗ 80 ಲೀಟರ್.

ಮೂರನೆಯದು ಆವಿಯ ಒತ್ತಡ, ಇದು ಸ್ವಲ್ಪ ಸೂಕ್ಷ್ಮ. ಆಕ್ಟೇನ್ ಪುಕ್ಕಟೆ ಸಿಕ್ಕಿತಲ್ಲ, ಹಾಗಾದರೆ ಕಮ್ಮಿ ಆಕ್ಟೇನ್‌ನ ಹಗುರ ನಾಫ್ತಾವನ್ನು ನೇರವಾಗಿ ಬೆರೆಸಿಬಿಡಿ ಅಂತ ಯಾರಿಗಾದರೂ ಅನಿಸಬೇಕು. ಸ್ವಲ್ಪ ಮಟ್ಟಿಗೆ ಅದು ಸಾಧ್ಯವೂ ಹೌದು. ಆದರೆ ಪೆಟ್ರೋಲ್ ಎಷ್ಟು ಬೇಗ ಆವಿಯಾಗಬಹುದು ಎಂಬುದಕ್ಕೂ ಮಿತಿ ಇದೆ. ಸಾದಾ ಪೆಟ್ರೋಲ್‌ಗೆ 60 ಕಿಲೋಪಾಸ್ಕಲ್, ಎಥನಾಲ್ ಬೆರೆತದ್ದಕ್ಕೆ ತುಸು ಸಡಿಲಿಕೆ. ನೆಟ್ಟನೆಯ ಪೆಂಟೇನ್‌ನ ಒತ್ತಡ ಸುಮಾರು 107. ಐಸೊಮರೈಸ್ ಮಾಡಿ ಕವಲೊಡೆಸಿದರೆ ಆಕ್ಟೇನ್ ಏರಿತು ನಿಜ, ಒತ್ತಡವೂ 140ಕ್ಕೆ ಏರಿತು! ಸಾಲದ್ದಕ್ಕೆ ಎಥನಾಲ್ ಕೂಡ ಪೆಟ್ರೋಲ್‌ನ ಜತೆ ಸೇರಿದಾಗ ಒತ್ತಡವನ್ನು ಸುಮಾರು 7 ಕಿಲೋಪಾಸ್ಕಲ್ ಮೇಲಕ್ಕೆ ತಳ್ಳುತ್ತದೆ. ಮಿತಿಯೊಳಗೆ ಉಳಿಯಬೇಕಾದರೆ ರಿಫೈನರಿ ಮೊದಲು ಹೊರಗೆ ಹಾಕುವುದು ಅತಿ ಹಗುರವಾದ ಬ್ಯೂಟೇನ್, ಪೆಂಟೇನ್‌ಗಳನ್ನೇ.

ಬಂಕ್‌ನಲ್ಲಿ ನಾಝಲ್ ಹಾಕಿದಾಗ ಟ್ಯಾಂಕ್ ಬಾಯಿಯ ಮೇಲೆ ಗಾಳಿ ನಡುಗಿದ ಹಾಗೆ ಕಾಣುತ್ತಲ್ಲ, ಬಹುಪಾಲು ಈ ಅಣುಗಳೇ ಅದು. ಏಪ್ರಿಲ್ ಬಿಸಿಲಲ್ಲಿ, ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ, ಅವು ಇನ್ನೂ ಸುಲಭವಾಗಿ ಹಾರಿಹೋಗುತ್ತವೆ. ನಾವು ಉಸಿರಾಡುವ ಗಾಳಿಯನ್ನು ಕೆಡಿಸುವ ಓಝೋನ್ ಆಗಲು ಬೇಕಾದ ಕಚ್ಚಾ ಸರಕು ಕೂಡ ಅದೇ. ಹಾಗಾಗಿ ಈ ಮಿತಿ ಕಾಗದದ ನಿಯಮ ಅಂತ ತಳ್ಳಿಹಾಕುವ ಹಾಗಿಲ್ಲ.

ಅಂದರೆ ಇವತ್ತಿನ ಹೆಚ್ಚುವರಿಯಲ್ಲಿ ಒಂದು ಪಾಲು ನಮ್ಮದೇ ನೀತಿಯಿಂದ ಹುಟ್ಟಿದ್ದು. ಎಥನಾಲ್ ನೀತಿ ಸರಿಯೋ ತಪ್ಪೋ ಅದು ಬೇರೆ ಚರ್ಚೆ, ಆದರೆ ಅದರ ಲಾಭದ ಲೆಕ್ಕ ಹೇಳುವಾಗ ಪೆಟ್ರೋಲ್‌ನಿಂದ ಹೊರಬಿದ್ದ ಈ ಸರಕು ಎಷ್ಟಕ್ಕೆ ಮಾರಾಟ ಆಯಿತು ಅನ್ನೋದನ್ನೂ ಹೇಳಬೇಕು. ಅದನ್ನು ಯಾರೂ ಹೇಳುತ್ತಿಲ್ಲ.

ಪೆಟ್ರೋಲ್ ಮಾರುವವರ ಕಡೆಯಿಂದ ಇದಕ್ಕೆ ಉತ್ತರ ಇದೆ. ದೇಶದ ಪೆಟ್ರೋಲ್ ಬಳಕೆ ವರ್ಷಕ್ಕೆ 4 ಕೋಟಿ ಟನ್ ಮುಟ್ಟಿದೆ, ಇನ್ನೂ ಏರುತ್ತಿದೆ, ಎಥನಾಲ್ ಕಿತ್ತುಕೊಂಡ ಜಾಗವನ್ನು ಈ ಏರಿಕೆಯೇ ತುಂಬಿಕೊಡುತ್ತದೆ ಎಂಬುದು ಅವರ ವಾದ. ಒಟ್ಟು ಪ್ರಮಾಣದ ಮಟ್ಟಿಗೆ ಒಪ್ಪಬಹುದು. ಆವಿಯ ಒತ್ತಡದ ಮಿತಿಗೆ ಮಾತ್ರ ಇದು ಉತ್ತರ ಅಲ್ಲ. ಎಷ್ಟೇ ಪೆಟ್ರೋಲ್ ಮಾರಿದರೂ ಪ್ರತಿ ಲೀಟರ್‌ನಲ್ಲಿ ಪೆಂಟೇನ್‌ಗೆ ಇರುವ ಜಾಗ ಅಷ್ಟೇ.

ಪ್ಲಾಸ್ಟಿಕ್ ಮಾಡೋಣ ಎನ್ನುವವರು

ಪೆಟ್ರೋಲ್‌ಗೆ ಬೇಡವಾದ ಗುಣವೇ ಇಲ್ಲಿ ಬೇಕಾದ ಗುಣ. ನಾಫ್ತಾ ಕ್ರ್ಯಾಕರ್‌ನಲ್ಲಿ ಹಬೆಯ ಜತೆ 800–850 ಡಿಗ್ರಿಗೆ, ಅದೂ ಸೆಕೆಂಡಿನ ಒಂದು ಚೂರು ಹೊತ್ತು ಮಾತ್ರ ಕಾಯಿಸಿ ತಕ್ಷಣ ತಣಿಸುತ್ತಾರೆ. ಅಣುಗಳು ಒಡೆದು ಎಥಿಲೀನ್, ಪ್ರೊಪಿಲೀನ್ ಆಗುತ್ತವೆ. ನೆಟ್ಟನೆಯ ಅಣುಗಳು ಇದ್ದಷ್ಟೂ ಎಥಿಲೀನ್ ಜಾಸ್ತಿ. ಅಂದರೆ ಹಗುರ ನಾಫ್ತಾ ಹೇಗಿದೆಯೋ ಹಾಗೇ ಒಲೆಗೆ ಹೋಗಬಹುದು, ಮೊದಲೇ ಆಕಾರ ಬದಲಿಸುವ ಖರ್ಚಿಲ್ಲ. 100 ಕೆಜಿಗೆ ಸುಮಾರು 30 ಕೆಜಿ ಎಥಿಲೀನ್, 15 ಕೆಜಿ ಪ್ರೊಪಿಲೀನ್. ಹಾಲಿನ ಪ್ಯಾಕೆಟ್, ನೀರಿನ ಪೈಪ್, ಪ್ಲಾಸ್ಟಿಕ್ ಕುರ್ಚಿ ಎಲ್ಲದರ ಮೂಲ ಇವೇ. ಪಾಣಿಪತ್, ಹಲ್ದಿಯಾಗಳಲ್ಲಿ ನಾಫ್ತಾ ಕ್ರ್ಯಾಕರ್‌ಗಳು ಇವೆ. ಮಧ್ಯಪ್ರದೇಶದ ಬೀನಾದಲ್ಲಿ ಬಿಪಿಸಿಎಲ್ ಹೊಸದೊಂದನ್ನು ಕಟ್ಟಿಸುತ್ತಿದೆ. ಎಂಆರ್‌ಪಿಎಲ್‌ನಲ್ಲಿ ಪಾಲಿಪ್ರೊಪಿಲೀನ್ ಘಟಕ ಇದ್ದರೂ ಕ್ರ್ಯಾಕರ್ ಇಲ್ಲ.

ಹಾಗಾದರೆ ಮಂಗಳೂರಿಗೂ ಒಂದು ಕ್ರ್ಯಾಕರ್ ಬರಲಿ ಎನ್ನುವ ವಾದ ಕೇಳಲು ಚೆನ್ನಾಗಿದೆ. ಆದರೆ ಈಗ ಕಟ್ಟಿಸಿದರೆ ಎದುರಿಸಬೇಕಾದ್ದು ಇಬ್ಬರನ್ನು. ಒಬ್ಬ ಅಮೆರಿಕದ ಎಥೇನ್. ಅದನ್ನು ಒಡೆದರೆ 100ಕ್ಕೆ ಸುಮಾರು 80 ಎಥಿಲೀನ್ ಬರುತ್ತದೆ. ರಿಲಯನ್ಸ್ ಸುಮಾರು 2017ರಿಂದಲೇ ದೊಡ್ಡ ಹಡಗುಗಳಲ್ಲಿ ಎಥೇನ್ ತರಿಸಿಕೊಳ್ಳುತ್ತಿದೆ, ಅಂದರೆ ಮನೆ ಬಾಗಿಲಲ್ಲಿ ನಾಫ್ತಾ ಇರುವ ದೇಶದ ಕಂಪನಿಗೂ ಸಾಗರ ದಾಟಿ ಬಂದ ಎಥೇನ್ ಲಾಭ ಅನಿಸಿದೆ. ಇನ್ನೊಬ್ಬ ಚೀನಾ. ಅಲ್ಲಿ ಎದ್ದಿರುವ ಹೊಸ ಕ್ರ್ಯಾಕರ್‌ಗಳ ಹೊಡೆತಕ್ಕೆ ದಕ್ಷಿಣ ಕೊರಿಯಾ ನಲುಗಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಹತ್ತು ಕಂಪನಿಗಳು ನಾಫ್ತಾ ಕ್ರ್ಯಾಕಿಂಗ್ ಸಾಮರ್ಥ್ಯವನ್ನು ವರ್ಷಕ್ಕೆ 27ರಿಂದ 37 ಲಕ್ಷ ಟನ್‌ನಷ್ಟು ಕಮ್ಮಿ ಮಾಡಲು ಒಪ್ಪಿಕೊಂಡವು.

ಕ್ರ್ಯಾಕರ್ ಸಣ್ಣದಾಗಿ ಕಟ್ಟುವ ವಸ್ತುವೂ ಅಲ್ಲ. ಹತ್ತಾರು ಸಾವಿರ ಕೋಟಿ ಬೇಕು, ಭೂಮಿ ಬೇಕು, ನೀರು ಬೇಕು. ಕರಾವಳಿಯಲ್ಲಿ ಈ ಎರಡಕ್ಕೂ ಜನ ಮೊದಲೇ ಬೇಸತ್ತಿದ್ದಾರೆ. ಒಂದು ಟನ್ ಎಥಿಲೀನ್‌ಗೆ ಒಂದು ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬೇರೆ.

ಸಿಲಿಂಡರ್‌ಗೆ ತುಂಬಬಹುದಾ?

ಜನರಿಗೆ ಹತ್ತಿರದ ಪ್ರಶ್ನೆ ಇದೇ. ಭಾರತ ವರ್ಷಕ್ಕೆ 3.1 ಕೋಟಿ ಟನ್ ಎಲ್‌ಪಿಜಿ ಬಳಸುತ್ತದೆ, ಅದರಲ್ಲಿ ಸುಮಾರು 60% ಆಮದು. ಆ ಆಮದಿನ ಬಹುಪಾಲು ಪಶ್ಚಿಮ ಏಷ್ಯಾದಿಂದ, ಹೋರ್ಮುಜ್ ಜಲಸಂಧಿ ದಾಟಿ ಬರುವಂಥದ್ದು. ಅಮೆರಿಕದ ಒಪ್ಪಂದದ 22 ಲಕ್ಷ ಟನ್ ಅಂದರೆ ಆಮದಿನ ಹತ್ತನೇ ಒಂದು ಪಾಲು ಮಾತ್ರ.

ಕಾಗದದ ಮೇಲೆ ಲೆಕ್ಕ ಬಲು ಚಂದ. ಆರು ಇಂಗಾಲದ ಹೆಕ್ಸೇನನ್ನು ನಡುವೆ ಕತ್ತರಿಸಿ ಒಂದು ಹೈಡ್ರೋಜನ್ ಅಣು ಕೊಟ್ಟರೆ ಎರಡು ಪ್ರೊಪೇನ್ ಸಿಗುತ್ತವೆ. ಒಂದು ಟನ್ ಹೆಕ್ಸೇನ್‌ಗೆ ಸುಮಾರು 23 ಕೆಜಿ ಹೈಡ್ರೋಜನ್ ಸಾಕು. ಒಂದು ಟನ್ ಎಲ್‌ಪಿಜಿ ಅಂದರೆ 14.2 ಕೆಜಿಯ 70 ಸಿಲಿಂಡರ್. ನಿಜವಾದ ಘಟಕದಲ್ಲಿ ಕತ್ತರಿ ಯಾವಾಗಲೂ ನಡುವೆಯೇ ಬೀಳಲ್ಲ. ಒಂದಿಷ್ಟು ಮೀಥೇನ್, ಎಥೇನ್ ಆಗಿ ಹೋಗುತ್ತದೆ, ಹೈಡ್ರೋಜನ್ ಖರ್ಚೂ ಏರುತ್ತದೆ. ಮಿಕ್ಕ ಅನ್ನಕ್ಕೆ ಚಿತ್ರಾನ್ನ ಮಾಡಲು ಹೊರಟು ಒಗ್ಗರಣೆಗೇ ಅನ್ನಕ್ಕಿಂತ ಜಾಸ್ತಿ ಸುರಿದ ಹಾಗೆ ಆಗಬಾರದಲ್ಲ. ರಿಫೈನರಿಯಲ್ಲಿ ಹೈಡ್ರೋಜನ್ ಯಾವತ್ತೂ ಎಟುಕದ ಸರಕು, ಡೀಸೆಲ್‌ನ ಗಂಧಕ ತೆಗೆಯಲು ಅದೇ ಬೇಕು.

ಇದಕ್ಕೆ ಒಂದು ಜಾಣ ದಾರಿ ಇದೆ. ಝಡ್‌ಎಸ್‌ಎಂ-5 ಎಂಬ ಝಿಯೋಲೈಟ್ ಕ್ಯಾಟಲಿಸ್ಟ್ ಮೇಲೆ ಹಗುರ ನಾಫ್ತಾ ಹರಿಸಿದರೆ ಒಂದು ಪಾಲು ಒಡೆದು ಎಲ್‌ಪಿಜಿ ಆಗುತ್ತದೆ, ಇನ್ನೊಂದು ಪಾಲು ಉಂಗುರ ಕಟ್ಟಿಕೊಂಡು ಟಾಲ್ವೀನ್, ಝೈಲೀನ್‌ನಂಥ ಆರೊಮ್ಯಾಟಿಕ್ ಆಗುತ್ತದೆ. ಉಂಗುರ ಕಟ್ಟುವಾಗ ಬಿಟ್ಟುಕೊಟ್ಟ ಹೈಡ್ರೋಜನನ್ನು ಒಡೆದ ತುಂಡುಗಳು ಎತ್ತಿಕೊಳ್ಳುತ್ತವೆ. ಹೊರಗಿಂದ ಹೈಡ್ರೋಜನ್ ಕೊಡಬೇಕಿಲ್ಲ. ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲೂ ಈ ಬಗೆಯ ಕೆಲಸ ನಡೆದಿದೆ. ತೊಡಕು ಏನೆಂದರೆ ಕ್ಯಾಟಲಿಸ್ಟ್ ಮೇಲೆ ಮಸಿ ಕೂರುತ್ತದೆ, ಆಗಾಗ ಗಾಳಿ ಹಾಯಿಸಿ ಸುಟ್ಟು ತೆಗೆಯಬೇಕು. ಬರುವ ಆರೊಮ್ಯಾಟಿಕ್‌ನಲ್ಲಿ ಬೆಂಜೀನ್ ಇರುವುದರಿಂದ ಅದನ್ನು ಪೆಟ್ರೋಲ್‌ಗೆ ಹಾಗೇ ಹಾಕುವಂತಿಲ್ಲ.

ಈ ತೊಡಕು ಮಂಗಳೂರಿಗೆ ಅಷ್ಟಾಗಿ ತಟ್ಟಲ್ಲ. ಬೆಂಜೀನ್, ಝೈಲೀನ್ ಬೇರ್ಪಡಿಸಿ ಮಾರುವ ಸಂಕೀರ್ಣ ಅಲ್ಲಿ ಮೊದಲೇ ಇದೆ. ಎಲ್‌ಪಿಜಿ ತುಂಬಿ ಕಳಿಸುವ ವ್ಯವಸ್ಥೆಯೂ ಇದೆ. ಹಾಗಾಗಿ ಹೊಸ ಕ್ರ್ಯಾಕರ್‌ಗಿಂತ ಇಂಥ ಮಧ್ಯಮ ಗಾತ್ರದ ಘಟಕವೇ ಅಲ್ಲಿಗೆ ಹೊಂದುವಂತೆ ಕಾಣುತ್ತದೆ. ಆದರೆ ಇದರಿಂದ ದೇಶದ ಎಲ್‌ಪಿಜಿ ಆಮದು ನಿಂತುಬಿಡುತ್ತದೆ ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಆಮದು ಇರುವುದು ಕೋಟಿ ಟನ್‌ಗಳ ಲೆಕ್ಕದಲ್ಲಿ. ಹೊರಗಿನ ಹಡಗು ತಡವಾದ ತಿಂಗಳು ದಕ್ಷಿಣದ ಒಂದೆರಡು ರಾಜ್ಯಕ್ಕೆ ಸ್ವಲ್ಪ ಉಸಿರಾಡಲು ಬಿಡುವಷ್ಟು, ಅಷ್ಟೇ.

ಹಾಗೇ ಮಾರಿಬಿಡಿ ಎನ್ನುವ ವಾದ

ವ್ಯಾಪಾರದ ಕಣ್ಣಿನಿಂದ ನೋಡುವವರು ಇದ್ಯಾವುದೂ ಬೇಡ ಎನ್ನುತ್ತಾರೆ. ನಾಫ್ತಾ ಮಾರಿ ಬಂದ ಡಾಲರ್‌ನಲ್ಲಿ ಎಲ್‌ಪಿಜಿ ಕೊಂಡರಾಯಿತು, ಘಟಕ ಕಟ್ಟಿ ಸಾಲ ಯಾಕೆ? ಕೊರಿಯಾ, ಜಪಾನ್ ಕೊಳ್ಳುತ್ತಿದ್ದಷ್ಟು ಕಾಲ ಇದು ತಕ್ಕಮಟ್ಟಿಗೆ ಸರಿಯಾದ ಮಾತೇ ಆಗಿತ್ತು. ಕೊಳ್ಳುವವರೇ ಒಲೆ ಆರಿಸುತ್ತಿರುವಾಗ ಇದರ ಬಲ ಕುಗ್ಗಿದೆ. ಗಿರಾಕಿ ಕಮ್ಮಿಯಾದರೆ ಮಾರುವವರು ಬೆಲೆ ಇಳಿಸಲೇಬೇಕು, ಆಗ ರಿಫೈನರಿ ಆ ನಷ್ಟವನ್ನು ಪೆಟ್ರೋಲ್, ಡೀಸೆಲ್ ಮಾರಿ ತುಂಬಿಕೊಳ್ಳಲು ನೋಡುತ್ತದೆ.

ಬೆಂಗಳೂರಿಗೆ ಇದರಿಂದ ಏನು

ಬಂಕ್‌ನ ಬೆಲೆ ಇದರಿಂದ ಇಳಿಯಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬೆಂಗಳೂರಿನಲ್ಲಿ 100 ದಾಟಿರುವ ಪೆಟ್ರೋಲ್ ದರದ ದೊಡ್ಡ ಪಾಲು ಕೇಂದ್ರ, ರಾಜ್ಯಗಳ ತೆರಿಗೆ. ಆದರೆ ನಗರಕ್ಕೂ ಈ ಸರಕಿಗೂ ನಂಟು ಇದೆ. ಮಂಗಳೂರಿನ ಪೆಟ್ರೋಲ್, ಡೀಸೆಲ್ ಹಾಸನದ ಮೇಲೆ ಸುಮಾರು 360 ಕಿಲೋಮೀಟರ್ ಪೈಪ್‌ಲೈನ್‌ನಲ್ಲಿ ಹೊಸಕೋಟೆ ತಾಲ್ಲೂಕಿನ ದೇವನಗೊಂದಿಗೆ ಬರುತ್ತದೆ. ಎಥನಾಲ್ ಮಾತ್ರ ಪೈಪ್‌ನಲ್ಲಿ ಬರಲ್ಲ. ಅದು ನೀರನ್ನು ಎಳೆದುಕೊಳ್ಳುವ ಗುಣದ್ದು, ಹಾಗಾಗಿ ಟ್ಯಾಂಕರ್‌ನಲ್ಲಿ ಬಂದು ಡಿಪೊದಲ್ಲಿ ಬೆರೆಯುತ್ತದೆ. ಅಂದಮೇಲೆ ಒತ್ತಡ ಏರುವುದಕ್ಕೆ ಜಾಗ ಬಿಟ್ಟು, ಪೆಂಟೇನ್‌ನ ಅಳತೆ ನೋಡಿಕೊಂಡು ಪೆಟ್ರೋಲ್ ತಯಾರಿಸುವ ಹೊಣೆ ಮಂಗಳೂರಿನದ್ದೇ.

ಇನ್ನೊಂದು ನಂಟು ಪೀಣ್ಯ, ಬೊಮ್ಮಸಂದ್ರದ ಮೋಲ್ಡಿಂಗ್ ಶೆಡ್‌ಗಳದ್ದು. ಅವರು ಮೂಟೆಯಲ್ಲಿ ಕೊಳ್ಳುವ ಪ್ಲಾಸ್ಟಿಕ್ ಗ್ರ್ಯಾನ್ಯೂಲ್‌ನ ಬೆಲೆ ಕುಣಿಯುವುದು ಈ ಕ್ರ್ಯಾಕರ್‌ಗಳ ತಾಳಕ್ಕೆ. ಚೀನಾದ ಅಗ್ಗದ ಮಾಲು ಬಂದರೆ ಶೆಡ್‌ನವರಿಗೆ ಖುಷಿ, ಬೀನಾದಂಥ ಘಟಕಕ್ಕೆ ಸಂಕಟ. ಆಗ ಆಮದು ಸುಂಕ ಏರಿಸಿ ಎಂಬ ಒತ್ತಾಯ ಬರುತ್ತದೆ. ಸುಂಕ ಏರಿದರೆ ಬಿಸಿ ತಟ್ಟುವುದು ಹತ್ತು ಜನ ಕೆಲಸ ಮಾಡುವ ಶೆಡ್‌ಗೆ. ಸಂಶೋಧನೆಯ ಕಡೆಯಿಂದಲೂ ನಗರ ದೂರ ಇಲ್ಲ. ಎಚ್‌ಪಿಸಿಎಲ್‌ನ ಗ್ರೀನ್ ಆರ್ ಅಂಡ್ ಡಿ ಕೇಂದ್ರ ಇದೇ ದೇವನಗೊಂದಿ ಬಳಿ ಇದೆ, ಶೆಲ್, ಸಾಬಿಕ್‌ಗಳ ತಂತ್ರಜ್ಞಾನ ಕೇಂದ್ರಗಳೂ ಬೆಂಗಳೂರಿನಲ್ಲೇ ಇವೆ.

ಮುಂದೆ 27% ಬಂದರೆ

ಬ್ರೆಜಿಲ್ 2025ರ ಆಗಸ್ಟ್‌ನಲ್ಲಿ 30% ಎಥನಾಲ್‌ಗೆ ಹೋಯಿತು. ನಮ್ಮಲ್ಲೂ 27%ರ ಮಾತು ಆಗಾಗ ತೇಲಿಬರುತ್ತಿದೆ. ಅದು ಜಾರಿಯಾದರೆ ಆವಿಯ ಒತ್ತಡ ಇನ್ನಷ್ಟು ಏರಲ್ಲ, ಎಥನಾಲ್ ಪಾಲು ಜಾಸ್ತಿಯಾದ ಹಾಗೆ ಆ ತಳ್ಳಾಟ ತುಸು ಇಳಿಯುತ್ತದೆ. ಆದರೆ ತೈಲದ ಪಾಲು 100 ಲೀಟರ್‌ಗೆ 80ರಿಂದ 73ಕ್ಕೆ ಇಳಿಯುತ್ತದೆ, ಅಂದರೆ ಈಗಿನದಕ್ಕಿಂತ ಸುಮಾರು 9% ಕಮ್ಮಿ. ಆಕ್ಟೇನ್ ಬೇಡಿದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಬೆಂಗಳೂರಿನ ಬೀದಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೆಚ್ಚುತ್ತಿರುವುದನ್ನೂ ಇದಕ್ಕೆ ಸೇರಿಸಿ. ಈಗ ಐಸೊಮರೈಸೇಶನ್ ಘಟಕಕ್ಕೆ ದುಡ್ಡು ಹಾಕಿದರೆ ಅದು ಓಡಿ ಸಾಲ ತೀರಿಸಲು ಹದಿನೈದು ಇಪ್ಪತ್ತು ವರ್ಷ ಬೇಕು. ಹಾಗಾಗಿ ರಿಫೈನರಿಗಳ ಮುಂದಿನ ಯೋಜನೆಗಳು ಪ್ರಕಟವಾದಾಗ ಎಷ್ಟು ಸಾವಿರ ಕೋಟಿ ಎಂಬ ಅಂಕಿಗಿಂತ ಮೊದಲು ಎರಡು ವಿಷಯ ಹುಡುಕಿ ಓದಿ. ಹೈಡ್ರೋಜನ್ ಎಲ್ಲಿಂದ ತರುತ್ತಾರೆ? ಪೆಟ್ರೋಲ್‌ನಲ್ಲಿ ಎಥನಾಲ್ ಎಷ್ಟಿರುತ್ತದೆ ಅಂದುಕೊಂಡು ಲಾಭದ ಲೆಕ್ಕ ಹಾಕಿದ್ದಾರೆ?